ಒಬ್ಬರಿಗೊಂದು ಕಾರು: ತಪ್ಪಿಸಲು ಕಚೇರಿ ಏನು ಮಾಡಬೇಕು?

ಮೊದಲು ಪಾರ್ಕಿಂಗ್ ಲೆಕ್ಕ ಹಾಕಿ. ಬೇಸ್‌ಮೆಂಟಿನಲ್ಲಿ ಒಂದು ಕಾರಿಗೆ, ಓಡಾಡುವ ದಾರಿಯೂ ಸೇರಿ, ಸುಮಾರು 32 ಚದರ ಮೀಟರ್ ಜಾಗ ಬೇಕು. ಅಷ್ಟನ್ನು ಪುಕ್ಕಟೆ ಕೊಟ್ಟು, ಬಸ್ಸಿನಲ್ಲಿ ಬರುವವರಿಗೆ ಏನೂ ಕೊಡದಿದ್ದರೆ ಕಂಪನಿಯೇ ಕಾರು ತನ್ನಿ ಎಂದಂತೆ. ಜಾಗ ಬಿಟ್ಟುಕೊಟ್ಟವರಿಗೆ ಅದರ ಬಾಡಿಗೆಯಷ್ಟು ಪ್ರಯಾಣ ಭತ್ಯೆ ಕೊಡಿ, ಅದೂ ದಿನಲೆಕ್ಕದಲ್ಲಿ. ಆಗ ವಾರಕ್ಕೆರಡು ದಿನ ಮಾತ್ರ ಕಾರು ಮನೆಯಲ್ಲಿ ಬಿಡುವವರೂ ಸೇರುತ್ತಾರೆ. ಪಾರ್ಕಿಂಗ್ ಶುಲ್ಕವೂ ದಿನಲೆಕ್ಕದಲ್ಲೇ ಇರಲಿ. ತಿಂಗಳ ಪಾಸ್ ಕೊಂಡವರು ದುಡ್ಡು ಹೇಗೂ ಕಟ್ಟಾಗಿದೆ ಎಂದು ದಿನವೂ ಕಾರು ತರುತ್ತಾರೆ.

ಆಮೇಲೆ ಯಾರು ಎಲ್ಲಿಂದ ಬರುತ್ತಾರೆಂದು ತಿಳಿಯಿರಿ. ಮನೆ ವಿಳಾಸ ಬೇಡ. ಪಿನ್‌ಕೋಡ್, ಹತ್ತಿರದ ಸ್ಟಾಪ್, ಬರುವ ಮತ್ತು ಹೊರಡುವ ಸಮಯ ಸಾಕು.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯನ್ನೇ ನೋಡಿ. 2025ರ ಆಗಸ್ಟ್‌ನಲ್ಲಿ ಮೆಟ್ರೋದ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ಶುರುವಾದ ಮೇಲೆ ಬನಶಂಕರಿ, ಮಲ್ಲೇಶ್ವರದ ಕಡೆಯವರು ಹಸಿರು ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿದರಾಯಿತು. ಕಷ್ಟ ಇರುವುದು ನಿಲ್ದಾಣದಿಂದ ಕಚೇರಿವರೆಗಿನ ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ. ಅಕ್ಕಪಕ್ಕದ ಮೂರ್ನಾಲ್ಕು ಕಂಪನಿಗಳು ಸೇರಿ ಶಟಲ್ ಓಡಿಸಿದರೆ ಖರ್ಚು ಹಂಚಿಹೋಗುತ್ತದೆ. ಶಟಲ್ ಹೊರಡುವುದು ರೈಲು ಬಂದ 6–7 ನಿಮಿಷಕ್ಕೆ ಇರಲಿ. ಪ್ಲಾಟ್‌ಫಾರ್ಮಿನಿಂದ ಇಳಿದು, ಕಾರ್ಡ್ ತಟ್ಟಿ, ರಸ್ತೆಗೆ ಬರಲು ಅಷ್ಟು ಬೇಕೇ ಬೇಕು. ಕಣ್ಣೆದುರೇ ಎರಡು ಸಲ ಶಟಲ್ ಹೊರಟುಹೋದರೆ ಮೂರನೇ ದಿನ ಆ ಉದ್ಯೋಗಿ ಕಾರಿಗೆ ಮರಳುತ್ತಾರೆ.

ಕಾರು ಬಿಡದಿರಲು ದೊಡ್ಡ ಕಾರಣ ಸಂಜೆಯ ಭಯ: ಮಗುವಿಗೆ ಜ್ವರ ಬಂದರೆ, ಮೀಟಿಂಗ್ ತಡವಾದರೆ ಹೇಗೆ ಹೋಗುವುದು? ಇದಕ್ಕೆ ಕಂಪನಿ ಖರ್ಚಿನಲ್ಲಿ ತುರ್ತು ಕ್ಯಾಬ್ ಇಡಿ, ತಿಂಗಳಿಗೆ ಎರಡು ಸಲ. ಮ್ಯಾನೇಜರ್ ಅನುಮತಿ ಕೇಳುವ ನಿಯಮ ಬೇಡವೇ ಬೇಡ. ಬಳಸುವವರು ಕಡಿಮೆಯೇ, ಆದರೆ ಇದೆ ಎಂಬ ಧೈರ್ಯಕ್ಕೇ ಜನ ಕಾರು ಬಿಡುತ್ತಾರೆ.

ಕಾರ್‌ಪೂಲ್ ಗುಂಪಿಗೆ ಮೂವರು ಸಾಕು. ನಾಲ್ವರಾದರೆ ಸಮಯ ಹೊಂದಿಸುವುದೇ ತಲೆನೋವು. ಐದು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ ಎಂದು ಮೊದಲೇ ಮಾತಾಗಲಿ. ಸರದಿಯಲ್ಲಿ ಅವರವರ ಕಾರು ತಂದರೆ ದುಡ್ಡಿನ ಮಾತೇ ಬರುವುದಿಲ್ಲ. ಬಿಳಿ ಬೋರ್ಡ್ ಕಾರಿಗೆ ಬಾಡಿಗೆ ತೆಗೆದುಕೊಂಡರೆ ಪರ್ಮಿಟ್, ವಿಮೆ ಎರಡರಲ್ಲೂ ತೊಡಕು. ಗೇಟಿಗೆ ಹತ್ತಿರದ ಜಾಗಗಳನ್ನು ಕಾರ್‌ಪೂಲ್ ಗುಂಪುಗಳಿಗೇ ಮೀಸಲಿಡಿ, 10 ಗಂಟೆಯವರೆಗೆ ಕಾದಿರಿಸಿ.

ಆರಂಭಿಸುವ ಮುನ್ನ ಮಂಗಳವಾರದಿಂದ ಗುರುವಾರದವರೆಗೆ ಗೇಟಿನಲ್ಲಿ ನಿಂತು ಪ್ರತಿ ಕಾರಿನಲ್ಲಿ ಎಷ್ಟು ಜನ ಎಂದು ಎಣಿಸಿ. ಮೂರು ತಿಂಗಳ ನಂತರ ಮಂಗಳವಾರದಿಂದ ಗುರುವಾರದವರೆಗೇ ಮತ್ತೆ ಎಣಿಸಿ.