ಮೂವತ್ತು ದಿನ, ದಿನಕ್ಕೊಂದು ಪುಟ

ಮಳೆಗಾಲದಲ್ಲಿ ಮಂಡ್ಯದವರು ಪತ್ರಿಕೆ ಬಿಡಿಸಿದೊಡನೆ ಕಣ್ಣು ಹಾಯಿಸುವುದು ಕೆಆರ್‌ಎಸ್ ನೀರಿನ ಮಟ್ಟದ ಮೇಲೆ. ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಂದು ದಿನದ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ದಿನವೂ ನೋಡುತ್ತಾ ಬಂದವರಿಗೆ ನಾಲೆಗೆ ನೀರು ಬಂದೀತೇ, ಭತ್ತದ ಒಟ್ಲು ಹಾಕಬಹುದೇ ಎಂಬ ಅಂದಾಜು ಸಿಗುತ್ತದೆ. ನಮ್ಮ ಬದುಕಿನ ಬಗ್ಗೆ ದಿನಕ್ಕೊಂದು ಪುಟ ಬರೆಯುವ ಪಣವನ್ನು ನಾನು ಹೀಗೆಯೇ ಕಾಣುತ್ತೇನೆ.

ತಿಂಗಳು ಬೇಕಿದ್ದರೆ ನವೆಂಬರ್ ಆರಿಸಿಕೊಳ್ಳಿ. ರಾಜ್ಯೋತ್ಸವದಂದು ಶುರು, ಲೆಕ್ಕಕ್ಕೆ ಸರಿಯಾಗಿ 30 ದಿನ.

ಮೊದಲು ಅಳತೆ ಗೊತ್ತುಮಾಡಿಕೊಳ್ಳಿ. 200 ಪದ, ಅಂದರೆ ನೋಟ್‌ಪುಸ್ತಕದ ಒಂದು ಮಗ್ಗುಲು ಸಾಕು. ಮೊದಲ ದಿನದ ಹುರುಪಿನಲ್ಲಿ ನಾಲ್ಕು ಪುಟ ಬರೆದವರು ಐದನೆಯ ದಿನಕ್ಕೆ ಕೈಚೆಲ್ಲುತ್ತಾರೆ. ಇನ್ನೂ ಬರೆಯುವುದಿದೆ ಅನ್ನಿಸಿದಾಗಲೇ ನಿಲ್ಲಿಸಿ, ಉಳಿದದ್ದು ನಾಳೆಗಿರಲಿ.

ಆಮೇಲೆ ಹೊತ್ತು. ಬಿಡುವಾದಾಗ ಬರೆಯುತ್ತೇನೆ ಎಂದುಕೊಂಡರೆ ಬಿಡುವು ಆಗುವುದೇ ಇಲ್ಲ. ದಿನವೂ ತಪ್ಪದೆ ಮಾಡುವ ಕೆಲಸವೊಂದಕ್ಕೆ ಬರವಣಿಗೆಯನ್ನು ಗಂಟು ಹಾಕಿ. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓಡಾಡುವವರಿಗೆ ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಕಾವೇರಿ ಸೇತುವೆ ಬರುವಷ್ಟರಲ್ಲಿ ಅರ್ಧ ಪುಟ ಆಗಿರುತ್ತದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವವರು ನಡಿಗೆ ಮುಗಿಸಿ ಅಲ್ಲೇ ಕುಳಿತು ಬರೆಯಬಹುದು.

ಕಷ್ಟವಿರುವುದು ವಿಷಯದಲ್ಲಿ. ಪುಸ್ತಕದ ಹಿಂಬದಿಯಲ್ಲಿ ಹತ್ತು ವಿಷಯಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ, ಒಂದೊಂದೂ ಚಿಕ್ಕದಾಗಿರಲಿ. ‘ದೇವರಾಜ ಮಾರುಕಟ್ಟೆ’ ಒಂದು ಪುಟಕ್ಕೆ ತೀರಾ ದೊಡ್ಡದು. ಹೂವು ಮಾರುವಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆಯ ಮೊಳ ಹಾಕುವುದು, ಅಮ್ಮ ಕೊಸರು ಕೇಳುವುದು, ಆಕೆ ನಕ್ಕು ನಾಲ್ಕು ಬೆರಳಿನಷ್ಟು ಬಿಟ್ಟು ಕತ್ತರಿಸುವುದು, ಇಷ್ಟಕ್ಕೇ ಪುಟ ತುಂಬುತ್ತದೆ.

ಕಳೆದ ನವೆಂಬರ್‌ನಲ್ಲಿ ನಾನು ಆಲೆಮನೆಯ ಬಗ್ಗೆ ಬರೆಯಲು ಕುಳಿತೆ. ಮಂಡ್ಯದ ಬೆಲ್ಲ ಹೆಸರುವಾಸಿ ಎಂದು ಶುರುಮಾಡಿದ್ದು ಎರಡೇ ಸಾಲಿಗೆ ನಿಂತಿತು. ಅದನ್ನು ಹೊಡೆದುಹಾಕಿ ಪಾಕ ನೋಡುವವರ ಕೈಯನ್ನು ನೆನಪಿಸಿಕೊಂಡೆ. ಕೊಪ್ಪರಿಗೆಯಿಂದ ತುಸುವೇ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳುಗಳ ನಡುವೆ ಉರುಳಿಸಿ, ಉಂಡೆ ಕಟ್ಟಿತೆಂದರೆ ಒಲೆಯ ಕಡೆ ತಿರುಗಿ ಕೂಗುತ್ತಾರೆ. ಆ ಬೆರಳುಗಳ ಸಂದಿಯಲ್ಲಿ ಬೆಲ್ಲದ ಬಣ್ಣ ಹಿಡಿದುಕೊಂಡಿತ್ತು. ಅಂದಿನ ಪುಟದಲ್ಲಿ ಜಾಗ ಸಾಲಲಿಲ್ಲ.

ಒಂದು ದಿನ ತಪ್ಪುತ್ತದೆ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ. ಮಾರನೆಯ ದಿನ ಎರಡು ಪುಟ ಬರೆದು ಸರಿದೂಗಿಸಲು ಹೋಗಬೇಡಿ, ಆ ಹೊರೆಯೇ ಪಣವನ್ನು ಮುರಿಯುತ್ತದೆ. ತಪ್ಪಿದ ತಾರೀಕಿನ ಪುಟದಲ್ಲಿ ‘ಬರೆಯಲಾಗಲಿಲ್ಲ’ ಎಂದು ಒಂದು ಸಾಲು ಹಾಕಿ ಮುಂದೆ ಹೋಗಿ.

ಮೊಬೈಲ್‌ನಲ್ಲಿ ಬರೆಯುವವರು ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಹಳೆಯ ಫಾಂಟ್‌ಗಳಲ್ಲಿ ಉಳಿಸಿದ ಕಡತ ಬೇರೆ ಕಡೆ ತೆರೆದಾಗ ಓದಲು ಬಾರದ ಚಿಹ್ನೆಗಳಾಗಿಬಿಡುವುದುಂಟು. ನಾಲ್ಕು ಜನರಿಗೆ ಓದಲು ಕಳುಹಿಸುವುದಾದರೆ ಅಕ್ಕಪಕ್ಕದವರ ಹೆಸರು, ಸಾಲ, ಕಾಯಿಲೆಗಳನ್ನು ತೆಗೆದುಬಿಡಿ. ಹೇಳಿಕೊಳ್ಳುವ ಹಕ್ಕು ನಮಗಿರುವುದು ನಮ್ಮ ಕಥೆಯ ಮೇಲೆ ಮಾತ್ರ. ಈ ಮಾತನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ನಡುವೆ ಹಿಂದಿನ ಪುಟಗಳನ್ನು ತಿರುವಿ ತಿದ್ದುತ್ತಾ ಕೂರಬೇಡಿ. ಡಿಸೆಂಬರ್ 1ರಂದು ಮೂವತ್ತನ್ನೂ ಒಟ್ಟಿಗೆ ಓದಿ, ಮತ್ತೆ ಮತ್ತೆ ಬಂದದ್ದಕ್ಕೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ನನ್ನ 30 ಪುಟಗಳಲ್ಲಿ ಏಳು ಕಡೆ ದೊಡ್ಡಮ್ಮನ ಮನೆಯ ಜಗಲಿ ಬಂದಿತ್ತು. ಆ ಜಗಲಿಯನ್ನು ಕೆಡವಿ ವರ್ಷಗಳೇ ಆಗಿವೆ. ಅದರ ಬಗ್ಗೆ ಬರೆಯಬೇಕೆಂದು ನಾನು ಒಂದು ದಿನವೂ ಕುಳಿತಿರಲಿಲ್ಲ.