ಶರದ್ ದ್ರಾಕ್ಷಿ ತುದಿವರೆಗೂ ಕಪ್ಪಾಗಬೇಕೆಂದರೆ

ವಿಜಯಪುರ ಜಿಲ್ಲೆಯ ತಿಕೋಟಾದ ನಮ್ಮ ದ್ರಾಕ್ಷಿ ಪಡದಲ್ಲಿ ಒಂದು ಎಕರೆ ಥಾಮ್ಸನ್ ಅನ್ನುವ ಬಿಳಿ ತಳಿ, ಒಂದು ಎಕರೆ ಶರದ್ ಅನ್ನುವ ಕಪ್ಪು ತಳಿ ಇದೆ. ಮೂರು ವರ್ಷದ ಹಿಂದೆ ಶರದ್ ಗೊನೆಗಳ ತುದಿ ಕಪ್ಪಾಗಲೇ ಇಲ್ಲ. ನಸುಗೆಂಪಾಗಿ ಹಾಗೇ ನಿಂತುಬಿಟ್ಟಿತು. ಗಾಬರಿಯಾಗಿ ಬಣ್ಣದ ಔಷಧ ತಂದು ಎರಡು ಸಲ ಹೊಡೆದೆ. ದುಡ್ಡು ಹೋಯಿತು, ಬಣ್ಣ ಬರಲಿಲ್ಲ. ಬಣ್ಣ ಎಲ್ಲಿಂದ ಬರುತ್ತದೆ ಅಂತ ಓದಿ ತಿಳಿದುಕೊಂಡದ್ದು ಆಮೇಲೆ.

ನೀವು ಮೊದಲು ಒಂದು ಕಾಳು ಸುಲಿದು ನೋಡಿ. ತಿರುಳು ಹಸಿರು, ಬಣ್ಣವೆಲ್ಲ ಸಿಪ್ಪೆಯಲ್ಲೇ. ನಮ್ಮವ್ವನ ಅಡುಗೆಮನೆಯಲ್ಲಿ ಆ ಸಿಪ್ಪೆ ಕಿವುಚಿ ಎರಡು ಬಟ್ಟಲು ನೀರಿಗೆ ಹಾಕಿದೆ. ಒಂದಕ್ಕೆ ಲಿಂಬೆ ಹಿಂಡಿದರೆ ಕಡುಗೆಂಪು. ಇನ್ನೊಂದಕ್ಕೆ ಚಿಟಿಕೆ ಸೋಡಾ ಹಾಕಿದ ಕೂಡಲೇ ನೀಲಿ, ಆಮೇಲೆ ಹಸಿರು. ಅವ್ವ ಬಟ್ಟಲು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಈ ಬಣ್ಣದ ಹೆಸರು ಆಂಥೋಸಯಾನಿನ್.

ಇದನ್ನು ತಯಾರಿಸಲು ಹಲವು ಜೀನ್‌ಗಳು ಸಾಲಾಗಿ ಕೆಲಸ ಮಾಡುತ್ತವೆ. ಕೊನೆಯದು ಯುಎಫ್‌ಜಿಟಿ. ಅದು ಬಣ್ಣಕ್ಕೆ ಸಕ್ಕರೆ ಜೋಡಿಸಿ ಗಟ್ಟಿ ಮಾಡುತ್ತದೆ. ಇದನ್ನು ಚಾಲೂ ಮಾಡುವ ಸ್ವಿಚ್ಚುಗಳು ಎಂವೈಬಿಎ1 ಮತ್ತು ಎಂವೈಬಿಎ2. ಬಿಳಿ ದ್ರಾಕ್ಷಿಯಲ್ಲಿ ಮೊದಲ ಸ್ವಿಚ್ಚಿನ ಮುಂದೆ ಜಿಗಿಯುವ ಡಿಎನ್‌ಎ ತುಣುಕೊಂದು ಬಂದು ಕೂತು ಅದನ್ನು ಕೆಡಿಸಿದೆ ಅಂತ 2004ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಎರಡನೆಯದೂ ಕೆಟ್ಟಿದೆ ಅಂತ 2007ರಲ್ಲಿ ಗೊತ್ತಾಯಿತು. ಹಾಗಾಗಿ ಥಾಮ್ಸನ್‌ಗೆ ಏನು ಹೊಡೆದರೂ ಶರದ್‌ನಂತೆ ಕಪ್ಪಾಗದು. ಶರದ್‌ನಲ್ಲಿ ಸ್ವಿಚ್ ಸರಿಯಾಗಿದೆ, ಅದು ಒತ್ತಿಕೊಳ್ಳುವ ಹೊತ್ತು ನಾವು ಕಾಯಬೇಕು, ಅಷ್ಟೇ ಅಲ್ವಾ?

ಆ ಹೊತ್ತು ಬರುವುದು ಕಾಳು ಮೆತ್ತಗಾಗಿ ನೀರು ತುಂಬುವಾಗ. ಆಗ ಗಿಡದಲ್ಲೇ ಎಬಿಎ ಅನ್ನುವ ಹಾರ್ಮೋನ್ ಹೆಚ್ಚುತ್ತದೆ, ಸ್ವಿಚ್ ಒತ್ತುವುದರಲ್ಲಿ ಅದರ ಕೈ ದೊಡ್ಡದು. ಎಬಿಎ ಸಿಂಪಡಿಸುವುದಿದ್ದರೆ ಗೊನೆಯಲ್ಲಿ ನಾಲ್ಕಾರು ಕಾಳು ಬಣ್ಣ ತಿರುಗುವಾಗಲೇ ಸಿಂಪಡಿಸಿ. ಅಳತೆ ಬಾಟಲಿಯ ಮೇಲೆ ಬರೆದಷ್ಟೇ ಇರಲಿ. ನಾನು ಹೊಡೆದದ್ದು ತೀರಾ ತಡವಾಗಿತ್ತು.

ಅದಕ್ಕಿಂತ ದೊಡ್ಡ ತಪ್ಪು ಗಿಡಕ್ಕೆ ಗೊನೆ ಜಾಸ್ತಿ ಬಿಟ್ಟದ್ದು. ಸಕ್ಕರೆ ಸಾಲದಿದ್ದರೆ ಬಣ್ಣವೂ ಸಾಲದು. ಈಗ ಕಾಳು ಸಣ್ಣದಿರುವಾಗಲೇ ಬಡಕಲು ಗೊನೆ ತೆಗೆಯುತ್ತೇನೆ. ಕೈ ನಡುಗುತ್ತದೆ, ಆದರೂ ತೆಗೆಯಲೇಬೇಕು. ನೀರು ತುಂಬಿದ ಮೇಲೆ ಯೂರಿಯಾ ಬೇಡ. ಡ್ರಿಪ್ ಸ್ವಲ್ಪ ಕಡಿಮೆ ಮಾಡಿ, ಎಲೆ ಬಾಡುವಷ್ಟಲ್ಲ.

ಬಿಸಿಲಿನ ವಿಷಯದಲ್ಲಿ ಜೋಪಾನ. ಬೆಳಕು ಬೇಕು, ಆದರೆ ಕಾಳು 35 ಡಿಗ್ರಿ ಕಾವಿನಲ್ಲೇ ದಿನಗಟ್ಟಲೆ ಇದ್ದರೆ ಸ್ವಿಚ್ ಮಂಕಾಗುತ್ತದೆ, ಆಗಿದ್ದ ಬಣ್ಣವೂ ಕರಗುತ್ತದೆ. ನಮ್ಮ ಕಡೆ ಫೆಬ್ರವರಿ ಕೊನೆಯ ಬಿಸಿಲು ಗೊತ್ತಲ್ಲ. ಅದಕ್ಕೆ ಗೊನೆಯ ಸುತ್ತ ಮೂಡಣ ದಿಕ್ಕಿನ ಎಲೆ ಮಾತ್ರ ತೆಗೆಯುತ್ತೇನೆ. ಪಡುವಣದ ಎಲೆ ಮುಟ್ಟುವುದಿಲ್ಲ.

ಕೊಯ್ಲಿಗೆ ಮುಂಚೆ ಗೊನೆಯ ಹೆಗಲಿನದೊಂದು, ತುದಿಯದೊಂದು ಕಾಳು ಕೀಳಿ. ತೊಟ್ಟಿನ ಬುಡ ನೋಡಿ. ಅಲ್ಲಿ ಹಸಿರು ಉಂಗುರ ಇದ್ದರೆ ನಾನು ಕತ್ತರಿ ಹಾಕುವುದಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ನೋಡುತ್ತೇನೆ.