ಘಾಟೀಲೇ ವಾಂತಿ ಮಾಡೋರು ಸಮುದ್ರದಲ್ಲಿ ಹಡಗು ಹತ್ತೋ ಮುಂಚೆ

ಆಗುಂಬೆ ಘಾಟೀಲಿ 14 ಹೇರ್‌ಪಿನ್ ತಿರುವು, ಚಿಕ್ಕೋಳಿದ್ದಾಗ ನಾಲ್ಕೈದು ದಾಟೋದ್ರೊಳಗೆ ಅಪ್ಪಯ್ಯ ಪ್ಲಾಸ್ಟಿಕ್ ಕವರ್ ಬಿಚ್ಚಿ ರೆಡಿ ಇಟ್ಕೊಂಡಿರ್ತಿದ್ರು. ಅಂಥ ನಾನು ಅಂಡಮಾನಿಗೆ ಹೋಗಿ ಪೋರ್ಟ್ ಬ್ಲೇರಿಂದ (ಈಗಿನ ಹೆಸರು ಶ್ರೀ ವಿಜಯ ಪುರಂ) ಹ್ಯಾವ್‌ಲಾಕ್ ದ್ವೀಪಕ್ಕೆ (ಈಗ ಸ್ವರಾಜ್ ದ್ವೀಪ) ಫೆರ್ರಿ ಹತ್ತಿದೆ. ಧೈರ್ಯ ಎಲ್ಲಿಂದ ಬಂತು ಅಂದ್ರೆ ಸಿಗಂದೂರು ಲಾಂಚಿಂದ! 2025ರ ಜುಲೈನಲ್ಲಿ ಸೇತುವೆ ಓಪನ್ ಆಗೋ ತನಕ ಬಸ್ಸು ಕಾರು ಸಮೇತ ದಾಟಿಸ್ತಿದ್ರಲ್ಲ, ಅದ್ರಲ್ಲಿ ಎಷ್ಟು ಸಲ ಹೋದ್ರೂ ನಂಗೆ ಏನೂ ಆಗಿರ್ಲಿಲ್ಲ. ಆದ್ರೆ ಮಾರಾಯ್ರೆ, ಅದು ಲಿಂಗನಮಕ್ಕಿ ಹಿನ್ನೀರು, ಸಮುದ್ರ ಅಲ್ಲ. ಅರ್ಧ ಗಂಟೇಲಿ ನನ್ನ ಕಥೆ ಮುಗೀತು.

ಆಗೋದು ಇಷ್ಟೆ, ಒಳಗಿವಿ ಅಲ್ಲಾಡ್ತಿದೀವಿ ಅಂತದೆ, ಕಣ್ಣು ಎದುರಿನ ಸೀಟು ನೋಡಿ ಇಲ್ಲ ಸುಮ್ನೆ ಕೂತಿದೀವಿ ಅಂತದೆ, ಇವೆರಡರ ಜಗಳಕ್ಕೆ ಹೊಟ್ಟೆ ತೊಳಸೋಕೆ ಶುರು. ಅದಕ್ಕೇ ಮೊಬೈಲ್ ನೋಡ್ಲೇಬಾರ್ದು. ದೂರದಲ್ಲಿ ನೀರು ಆಕಾಶ ಸೇರೋ ಗೆರೆ ಕಾಣ್ತದಲ್ಲ ಅದನ್ನೇ ನೋಡ್ತಾ ಇರಿ, ಹತ್ತಿರದ ಅಲೆ ಬೇಡ. ಗಾಜಿನ ಏಸಿ ಕ್ಯಾಬಿನ್ನಲ್ಲಿ ಕೂರ್ಸಿ ಹೊರಗೆ ಬಿಡ್ಲಿಲ್ಲ, ಗಾಜಿಗೆಲ್ಲ ನೀರು ರಾಚಿ ಏನೂ ಕಾಣಲ್ಲ ಅಂದ್ರೆ ತಲೆ ಸೀಟಿಗೆ ಒತ್ತಿ ಕಣ್ಣು ಮುಚ್ಚಿಬಿಡಿ.

ಸೀಟಿನ ವಿಷ್ಯದಲ್ಲಿ ನಾನು ಬಸ್ಸಿನ ಬುದ್ಧಿ ಉಪಯೋಗಿಸಿ ಕೆಟ್ಟೆ. ಬಸ್ಸಲ್ಲಿ ಡ್ರೈವರ್ ಹಿಂದೆ ಕೂತ್ರೆ ಒಳ್ಳೇದು ಹೌದು, ಆದ್ರೆ ಹಡಗಲ್ಲಿ ಎದ್ದು ಬಿದ್ದು ಮಾಡೋದೇ ಮುಂದಿನ ತುದಿ. ಕೆಳಗಿನ ಡೆಕ್ಕಲ್ಲಿ ಮಧ್ಯಭಾಗ ಇಲ್ಲಾ ಸ್ವಲ್ಪ ಹಿಂದೆ ಕೇಳಿ ತಗೊಳ್ಳಿ, ಡೀಸೆಲ್ ವಾಸನೆ ಬರೋವಷ್ಟು ಹಿಂದೆ ಬೇಡ.

ಮಾತ್ರೆ ಮುಖ್ಯ. ನಮ್ಮಲ್ಲಿ ಎಲ್ಲಾ ಮೆಡಿಕಲ್ ಶಾಪಲ್ಲೂ ಗೊತ್ತಿರೋ ಅವೋಮಿನ್ನೇ ಆಯ್ತು, ಆದ್ರೆ ಹಡಗು ಹೊರಡೋಕೆ ಒಂದೆರಡು ಗಂಟೆ ಮುಂಚೆ ನುಂಗ್ಬೇಕು, ನಾನು ವಾಕರಿಕೆ ಶುರುವಾದ್ಮೇಲೆ ನುಂಗಿದ್ದು, ಅದು ಹೊಟ್ಟೇಲಿ ನಿಂತ್ರೆ ತಾನೆ ಕೆಲ್ಸ ಮಾಡೋದು. ನಿದ್ದೆ ಬರ್ತದೆ, ಹಾಗಾಗಿ ಇಳಿದ ತಕ್ಷಣ ಸ್ಕೂಟರ್ ಬಾಡಿಗೆ ತಗೊಂಡು ಓಡಿಸೋದೆಲ್ಲ ಬೇಡ, ಡ್ರಿಂಕ್ಸ್ ಅಂತೂ ಮುಟ್ಲೇಬೇಡಿ. ಚಿಕ್ಕಮಕ್ಕಳು, ಬಸುರಿಯರು, ಬೇರೆ ಮಾತ್ರೆ ತಗೊಳ್ಳೋರು ಡಾಕ್ಟರ್ ಕೇಳ್ದೆ ತಗೊಳ್ಬಾರ್ದು.

ಖಾಲಿ ಹೊಟ್ಟೇಲಿ ಹೋದ್ರೆ ಏನೂ ಬರಲ್ಲ ಅಂತ ನಮ್ಮತ್ತೆ ಹೇಳ್ತಾರೆ, ಸುಳ್ಳು, ಪಿತ್ತ ಬರ್ತದೆ, ಅದು ಇನ್ನೂ ಹಿಂಸೆ. ಎರಡು ಇಡ್ಲಿ ಇಲ್ಲಾ ಸ್ವಲ್ಪ ಅವಲಕ್ಕಿ ಸಾಕು, ಎಣ್ಣೆ ಪೂರಿ, ಕೋಳಿ ಸಾರು ಆಚೆ ದಡದಲ್ಲಿ ತಿನ್ನಿ. ಒಣಶುಂಠಿ ಚೂರು ದವಡೇಲಿ ಇಟ್ಕೊಳ್ಳಿ, ಎಲ್ರಿಗೂ ಆಗಿಬರ್ತದೆ ಅಂತಲ್ಲ, ನಂಗೆ ಸ್ವಲ್ಪ ಆರಾಮ ಅನ್ಸಿತ್ತು. ನಿಂಬೆಹಣ್ಣು ಮೂಸೋದು ಪಕ್ಕದೋರ ವಾಸನೆಯಿಂದ ಕಾಪಾಡ್ತದೆ ನೋಡಿ, ಒಬ್ರು ಶುರು ಮಾಡಿದ್ರೆ ಸಾಲಿಗೆ ಸಾಲೇ ಶುರು.

ಟಿಕೆಟ್ ಮಾಡುವಾಗ್ಲೇ ಬೆಳಗಿನ ಫೆರ್ರಿ ನೋಡಿ, ಮಧ್ಯಾಹ್ನದ ಮೇಲೆ ಸಾಮಾನ್ಯ ಗಾಳಿ ಜೋರು. ಜನವರಿಯಿಂದ ಏಪ್ರಿಲ್ ಒಳಗೆ ಹೋದ್ರೆ ಸಮುದ್ರ ಸುಮಾರು ಶಾಂತ, ಮಳೆಗಾಲದಲ್ಲಿ ನಮ್ಮಂಥೋರು ಹೋಗ್ಲೇಬಾರ್ದು. ನಾನು ಹೋಗಿದ್ದು ಜೂನ್‌ನಲ್ಲಿ, ರೇಟ್ ಕಮ್ಮಿ ಅಂತ!

ಎಲ್ಲಾ ಮಾಡಿಯೂ ಬಂದ್ರೆ ಬರ್ಲಿ, ಕವರ್ ಕೊಡ್ತಾರೆ, ನಾಚ್ಕೆ ಬೇಡ. ಅಲೆ ಜೋರಿದ್ದಾಗ ಎದ್ದು ಕಟಾಂಜನಕ್ಕೆ ಬಗ್ಗೋದು ಮಾತ್ರ ಡೇಂಜರ್, ಅದೂ ಗಾಳಿಗೆ ಎದುರಾಗಿ ಬಗ್ಗಿದ್ರೆ ಎಲ್ಲಾ ನಿಮ್ಮ ಮೈಮೇಲೇ. ಆಮೇಲೆ ಗುಟುಕು ಗುಟುಕು ಓಆರ್‌ಎಸ್ ಕುಡೀರಿ. ಇಳಿದ್ಮೇಲೂ ಸ್ವಲ್ಪ ಹೊತ್ತು ನೆಲ ತೂಗಾಡಿದ ಹಾಗೆ ಆಗ್ತದೆ, ನೆರಳಲ್ಲಿ ಕೂತು ಎಳನೀರು ಕುಡೀರಿ. ಮಾತ್ರೆ ವಾಪಸ್ ಬರೋ ದಿನಕ್ಕೂ ಲೆಕ್ಕ ಹಾಕಿ ಊರಿಂದ್ಲೇ ತಗೊಂಡು ಹೋಗಿ, ನಾನು ಅದನ್ನೂ ಮರ್ತಿದ್ದೆ.